ಇನ್ಶೂರೆನ್ಸಿಗೂ ಒಂದು ಇನ್ಶೂರೆನ್ಸ್

ಅಮೆರಿಕದ ಟೆರರಿಸಂ ಇನ್ಶೂರೆನ್ಸ್ ಕಾನೂನು 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಕಂಪೆನಿಗಳು ಈಗಲೇ ಎಕ್ಸ್‌ಟೆನ್ಷನ್ ಕೊಡಿ ಅಂತ ಸರ್ಕಾರದ ಬೆನ್ನು ಹಿಡಿದಿವೆ. ಕೊಡಲಿ ಮಾರಾಯ್ರೆ, ಪಾಪ. ಬಾಂಬ್ ಬಿದ್ರೆ ನಷ್ಟ ಕೊಡ್ತೇವೆ ಅಂತ ಪ್ರೀಮಿಯಂ ತಕ್ಕೊಳ್ಳುವುದು ಕಂಪೆನಿ, ನಷ್ಟ ಮಿತಿ ಮೀರಿದ್ರೆ ಕಂಪೆನಿಯ ಪಾಲು ಕಳೆದು ಉಳಿದದ್ದರಲ್ಲಿ ನೂರಕ್ಕೆ 80 ಕೊಡುವುದು ಸರ್ಕಾರ, ಆ ಉಪಕಾರಕ್ಕೆ ಕಂಪೆನಿ ಸರ್ಕಾರಕ್ಕೆ ಮೊದಲೇ ಕಟ್ಟುವ ಪ್ರೀಮಿಯಂ ಸೊನ್ನೆ. ಅಡಿಕೆ ಮರ ಹತ್ತಲಿಕ್ಕೆ ಮಜೂರಿ ತಕ್ಕೊಂಡವ ಬಿದ್ರೆ ಹಿಡೀಲಿಕ್ಕೆ ಅಂತ ಇಡೀ ಪಂಚಾಯತನ್ನು ಬುಡದಲ್ಲಿ ನಿಲ್ಲಿಸಿದ ಹಾಗೆ!

2002ರಲ್ಲಿ ಬುಷ್ ಸೈನ್ ಹಾಕುವಾಗ ಇದು ಟೆಂಪರರಿ, 2005ರ ಕೊನೆವರೆಗೆ ಮಾತ್ರ. ಮತ್ತೆ 2005, 2007, 2015, 2019 ಅಂತ ಎಳೀತಾ ಬಂದ್ರು. ಟೆಂಪರರಿಯ ತಾಕತ್ತು ನಮಗೆ ಹೇಳಿಕೊಡಬೇಕಾ, ಇಲ್ಲಿ ಹೈವೇ ಕೆಲಸದ ಡೈವರ್ಷನ್ನಿನಲ್ಲೇ ಮಕ್ಕಳು ಸೈಕಲ್ ಕಲಿತು ಸ್ಕೂಟರಿಗೆ ಬಂದಿದ್ದಾರೆ.

ಇನ್ನೊಂದು ಚೆಂದ ಉಂಟು. ಬಾಂಬ್ ಸಿಡಿದ್ರೆ ಸಾಲದು, ಇದು ಭಯೋತ್ಪಾದನೆಯೇ ಹೌದು ಅಂತ ಟ್ರೆಷರಿ ಸೆಕ್ರೆಟರಿ, ಅಂದ್ರೆ ಅಲ್ಲಿನ ಹಣಕಾಸು ಮಂತ್ರಿ, ಸರ್ಟಿಫೈ ಮಾಡಬೇಕು. ಇಷ್ಟು ವರ್ಷದಲ್ಲಿ ಒಂದಕ್ಕೂ ಮಾಡಿಲ್ಲ. 2013ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದು ಮೂರು ಜನ ಸತ್ತರು, ಇಡೀ ಪ್ರಪಂಚ ಟಿವಿಯಲ್ಲಿ ನೋಡಿತು, ಕಾಗದದಲ್ಲಿ ಮಾತ್ರ ಅದು ಭಯೋತ್ಪಾದನೆ ಆಗಲಿಲ್ಲ. ಆಗದ್ದು ಒಳ್ಳೇದೇ ಅನ್ನಿ, ಸೈನ್ ಬಿದ್ದಿದ್ರೆ ಟೆರರ್ ಕವರ್ ಇಲ್ಲದ ಅಂಗಡಿಯವರ ಕ್ಲೇಮು ತಳ್ಳಿಹಾಕಲಿಕ್ಕೆ ಒಂದು ದಾರಿ ಆಗ್ತಿತ್ತು.

ನಮ್ಮ ದೇಶದಲ್ಲೂ 2002ರಲ್ಲೇ ಕಂಪೆನಿಗಳು ಸೇರಿ ನಷ್ಟ ಹಂಚಿಕೊಳ್ಳಲಿಕ್ಕೆ ಇಂಥದ್ದೊಂದು ಪೂಲ್ ಮಾಡಿದ್ವು, ಇನ್ಶೂರೆನ್ಸ್ ಕಂಪೆನಿಗಳಿಗೇ ಇನ್ಶೂರೆನ್ಸ್ ಕೊಡುವ ಜಿಐಸಿ ಅದನ್ನು ನೋಡಿಕೊಳ್ತದೆ, ಸರ್ಕಾರದ ಗ್ಯಾರಂಟಿ ಇಲ್ಲ. ಮುಂಬೈ ತಾಜ್ ಹೋಟೆಲಿನ ನಷ್ಟಕ್ಕೂ ದುಡ್ಡು ಬಂದದ್ದು ಅಲ್ಲಿಂದಲೇ. ನಡೀತದಲ್ಲ ಹಾಗೂ.

ಸರಿ, ಕಾಗದದ ವಿಷಯಕ್ಕೆ ಬರುವ. ಕೇರಳದ ಕಾಸರಗೋಡಿನ ಎಣ್ಮಕಜೆ ಕಡೆ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಕ್ಕೆ 2000ದವರೆಗೆ 20ಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟದ್ದು ಯಾವ ಟೆರರಿಸ್ಟೂ ಅಲ್ಲ, ಸರ್ಕಾರದ್ದೇ ಕಂಪೆನಿ. ಇಲ್ಲೂ ಸರ್ಟಿಫಿಕೇಟ್ ಬೇಕು. ಎದ್ದು ಕೂತುಕೊಳ್ಳಲಿಕ್ಕಾಗದ ಮಗನನ್ನು ಅಮ್ಮ ಎತ್ತಿಕೊಂಡು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಆಸ್ಪತ್ರೆ ಚೀಟಿಗಳನ್ನು ತುಂಬಿಕೊಂಡು ಮೆಡಿಕಲ್ ಕ್ಯಾಂಪಿಗೆ ಹೋಗಿ ಸಂತ್ರಸ್ತರ ಲಿಸ್ಟಿನಲ್ಲಿ ಹೆಸರು ಬಂತಾ ಅಂತ ಕೇಳಬೇಕು. ಬರದಿದ್ರೆ ಅವನಿಗೆ ಏನೂ ಆಗಿಲ್ಲ, ಲೆಕ್ಕ ಅಷ್ಟೇ. ಲಿಸ್ಟಿನಲ್ಲಿ ಬಂದವರಿಗಾದ್ರೂ? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ ಹೇಳಿತು. 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳುವಾಗ 3704 ಜನರಲ್ಲಿ ಅದು ಸಿಕ್ಕಿದ್ದು ಎಂಟು ಜನಕ್ಕೆ, ನ್ಯಾಯಾಂಗ ನಿಂದನೆ ಕೇಸು ಹಾಕಿದ ಎಂಟು ಜನಕ್ಕೆ. ಉಳಿದವರು ಕೇಸು ಹಾಕಿಲ್ಲ ಅಂದ್ರೆ ಅವರಿಗೆ ಅಷ್ಟೇನೂ ಅರ್ಜೆಂಟ್ ಇಲ್ಲ ಅಂತ ಆಫೀಸಿನವರು ತಿಳ್ಕೊಂಡಿರಬೇಕು. ಥೂ!