ಶ್ರೀಮಂತ ಅಜ್ಜಿಯರ ಹಾವಳಿ

ಮೊನ್ನೆ ಪೇಪರಿನ ಒಳಪುಟದಲ್ಲಿ ಮತ್ತೆ ಬಂದಿತ್ತಲ್ಲ, ನೀವೂ ನೋಡಿರುತ್ತೀರಿ. ‘ಪ್ರಾಯೋಜಕತ್ವ ಯೋಜನೆಯಡಿ ಅರ್ಹ ಮಕ್ಕಳಿಂದ ಅರ್ಜಿ ಆಹ್ವಾನ.’ ಅನಾಥ ಮಗು ಬಂಧುಗಳ ಮನೆಯಲ್ಲೇ ಬೆಳೆಯಲೆಂದು ಸರ್ಕಾರ ತಿಂಗಳು ತಿಂಗಳು ಕೊಡುವ ನೆರವದು. ಟೆಂಡರಿಗೂ ನಿಧನ ವಾರ್ತೆಗೂ ನಡುವೆ ಅಂಗೈಯಗಲ ಜಾಗ. ಅಪ್ಪ ಅವ್ವ ಇಲ್ಲದ ಏಳು ವರ್ಷದ ಹುಡುಗ ಬೆಳಿಗ್ಗೆ ಎದ್ದು, ಚಹಾ ಹೀರುತ್ತ ಪೇಪರ್ ಬಿಡಿಸಿ, ‘ಓಹೋ, ನಾನು ಅರ್ಹ’ ಎಂದು ಪೆನ್ನು ಹುಡುಕಲಿ ಎಂಬುದು ಮೇಲಿನವರ ಆಶಯ ಇದ್ದೀತು.

ಹಾವೇರಿ ಜಿಲ್ಲೆಯ ನಮ್ಮ ಬ್ಯಾಡಗಿಯಲ್ಲಿ, ಮನೆ ಪಕ್ಕದ ಶೆಡ್ಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹಳ್ಳಿಯಿಂದ ಬರುವ ಅಜ್ಜಿಯೊಬ್ಬಳಿಗೆ ಈ ಸುದ್ದಿ ಮುಟ್ಟಿದ್ದು ಹಿಟ್ಟಿನ ಗಿರಣಿಯಲ್ಲಿ. ಮಗಳು, ಅಳಿಯ ಇಬ್ಬರೂ ಹೋದ ಮೇಲೆ ಮೊಮ್ಮಗ ಆಕೆಯ ಹತ್ತಿರವೇ ಇದ್ದಾನೆ. ಫಾರ್ಮು ತಂದು ನನ್ನ ಕೈಗಿಟ್ಟಳು. ‘ತಮ್ಮಾ, ನಿನ್ನ ಅಕ್ಷರ ಛಲೋ ಅದಾವಂತ. ಇದೊಂದೀಟು ತುಂಬಿ ಕೊಡಪಾ.’ ಫಾರ್ಮಿನ ತುಂಬ ಕೆಂಪು ಬೆರಳಚ್ಚು. ಮೊದಲ ಪುಟ ಮುಗಿಯುವಷ್ಟರಲ್ಲಿ ನಾಲ್ಕು ಸಲ ಸೀನಿದೆ, ಎರಡನೇ ಪುಟಕ್ಕೆ ಕಣ್ಣಲ್ಲಿ ನೀರು. ಸರ್ಕಾರಿ ಅರ್ಜಿ ಓದಿ ಅತ್ತವರಲ್ಲಿ ನಾನೇನು ಮೊದಲನೆಯವನಲ್ಲ.

ಯೋಜನೆ ಕೆಟ್ಟದ್ದೆಂದು ಯಾರಂದರು? ಬಂಗಾರದಂಥ ಯೋಜನೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದೇ ಹಾಗೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮೊದಲು 2,000 ಇತ್ತು. ಜೋರಾಗಿ ಚಪ್ಪಾಳೆ ಹೊಡೆಯಿರಿ. ಆದರೆ ಸಾಕುವವರ ವರಮಾನ ಹಳ್ಳಿಯಲ್ಲಾದರೆ ವರ್ಷಕ್ಕೆ 72,000, ಉಳಿದ ಕಡೆ 96,000 ದಾಟಬಾರದು.

ಕೂತು ಲೆಕ್ಕ ಹಾಕಿದೆ. 2025ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಸರ್ಕಾರದ್ದೇ ದರ. ಅದೇ ದರಕ್ಕೆ ಅಜ್ಜಿ 194 ದಿನ ದುಡಿದರೆ ಬಡವಿ. 195ನೇ ದಿನ ಸಂಜೆ ಸೊಂಟ ಹಿಡಿದುಕೊಂಡು ಏಳುವಾಗ 72,150 ಆಗಿರುತ್ತದೆ, ಶ್ರೀಮಂತೆ. ಖಾತ್ರಿ ಕೆಲಸವನ್ನು ಮನೆಗೆ ನೂರೇ ದಿನ ಎಂದು ಯಾಕೆ ಕಟ್ಟಿಹಾಕಿದ್ದರೆಂದು ಈಗ ಹೊಳೆಯಿತು. ಅಜ್ಜಿಯರು ಕೈತಪ್ಪಿ ಸಾಹುಕಾರರಾಗಿಬಿಟ್ಟಾರೆಂಬ ಕಾಳಜಿ ಅದು. ಇದೇ ಹುಡುಗನನ್ನು ಆಕೆ ನಾಳೆ ಬಾಲಮಂದಿರದ ಬಾಗಿಲಲ್ಲಿ ಬಿಟ್ಟು ಬರಲಿ. ಅಡುಗೆಯವರು, ಕಾವಲಿನವರು, ಅಧೀಕ್ಷಕರು, ಎಲ್ಲರ ಸಂಬಳವೂ ಸರ್ಕಾರದ ದುಡ್ಡಿನಿಂದಲೇ. ಅಧೀಕ್ಷಕರ ಆದಾಯ ಪ್ರಮಾಣಪತ್ರವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಫಾರ್ಮಿನಲ್ಲಿ ‘ಮಗುವಿನೊಂದಿಗೆ ಸಂಬಂಧ’ ಎಂದಿತ್ತು. ‘ತಾಯಿಯ ತಾಯಿ’ ಎಂದು ದುಂಡಗೆ ಬರೆದೆ. ಕಚೇರಿಯಿಂದ ತಿರುಗಿ ಬಂತು. ಅದಕ್ಕೆ ಆಧಾರ ಬೇಕಂತೆ, ವಂಶಾವಳಿ ತರಬೇಕಂತೆ. ಹುಡುಗನ ವಂಶಾವಳಿಯಲ್ಲಿ ಅಪ್ಪನ ಕಡೆಯವರ ಹೆಸರಿದೆ, ರೇಷನ್ ಕಾರ್ಡೂ ಅದೇ ಮನೆಯದು. ಆ ಮನೆಯವರು ಹುಡುಗನ ಮುಖ ನೋಡಿ ವರ್ಷವಾಯಿತು. ನಮ್ಮಲ್ಲಿ ಜವಳ ತೆಗೆಸಬೇಕಾದರೆ ಸೋದರಮಾವನ ತೊಡೆಯೇ ಬೇಕು, ಕಿವಿ ಚುಚ್ಚುವಾಗಲೂ ಅವನೇ ಕೂರಬೇಕು, ಅವನು ಬರುವವರೆಗೆ ಮುಹೂರ್ತ ಮೀರಿದರೂ ಪರವಾಗಿಲ್ಲ. ನನ್ನ ಜವಳದ ದಿನ ಮಾವನ ಬಸ್ಸು ಕೆಟ್ಟು, ಊರಿಗೆ ಊರೇ ಮಧ್ಯಾಹ್ನ ಮೂರರವರೆಗೆ ಹಸಿದು ಕೂತಿತ್ತಂತೆ. ಅಂಥ ತಾಯಿ ಕಡೆಯವರು ಕಾಗದದ ಮೇಲೆ ಯಾರೂ ಅಲ್ಲ. ಕೌಂಟರಿನಾಚೆ ಇದ್ದವರು ಸಮಾಧಾನ ಹೇಳಿದರು: ‘ಅಕಿ ಅಜ್ಜಿ ಅಂತ ನಮಗೂ ಗೊತ್ತೈತ್ರೀ. ಆದ್ರ ರೆಕಾರ್ಡಿಗೆ ಗೊತ್ತಿಲ್ಲ.’

ಇನ್ನೊಂದು ತೊಡಕು ಭೂಗೋಳದ್ದು. ಮಗಳು, ಅಳಿಯ ಇದ್ದದ್ದು ಹುಬ್ಬಳ್ಳಿಯಲ್ಲಿ, ಹುಡುಗ ಹುಟ್ಟಿದ್ದೂ ಅಲ್ಲೇ. ಅಜ್ಜಿಯ ಮಟ್ಟಿಗೆ ಅದು ಬೇರೆ ಜಿಲ್ಲೆಯೇ ಅಲ್ಲ. ಆಕೆ ಮದುವೆಯಾಗಿ ಬಂದಾಗ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ. 1997ರಲ್ಲಿ ಒಡೆದು ಮೂರು ಮಾಡಿದರು. ಜಿಲ್ಲೆ ಹತ್ತಿರ ಬಂದರೆ ಆಡಳಿತವೂ ಹತ್ತಿರ ಬರುತ್ತದೆಂದು ಆಗ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಈಗ ಮರಣ ಪ್ರಮಾಣಪತ್ರ ಅಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹುಡುಗನನ್ನು ಹಾಜರುಪಡಿಸುವುದು ಇಲ್ಲಿ, ಶಾಲೆಯ ದಾಖಲೆ ಮತ್ತೆ ಅಲ್ಲಿ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆ ರಸ್ತೆ ನಡುವೆಯೇ ಬೇರೆ ದಾರಿ ಕಟ್ಟಿಕೊಟ್ಟಿದ್ದಾರೆ. ಕಡತಕ್ಕೂ ಅಂಥದ್ದೊಂದು ಕಟ್ಟಿದ್ದರೆ ಚೆನ್ನಿತ್ತು.

ನಮ್ಮದೇ ಹೀಗೆ ಎಂದು ಬೇಜಾರಾಗಬೇಡಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಅಕ್ಕನೊಬ್ಬಳು ಸರ್ಕಾರದ ಸುಪರ್ದಿಯಲ್ಲಿದ್ದ ತಮ್ಮ-ತಂಗಿಯರನ್ನು ತನ್ನ ಮನೆಗೆ ತಂದಿಟ್ಟುಕೊಂಡಳು. ಗುರುತುಪರಿಚಯ ಇಲ್ಲದವರು ಸಾಕಿದ್ದರೆ ಸಿಗುತ್ತಿದ್ದ ಪೋಷಣಾ ಹಣ, ರಕ್ತಸಂಬಂಧಿ ಎಂಬ ಕಾರಣಕ್ಕೆ ಆಕೆಗಿಲ್ಲ ಎಂದಿತು ರಾಜ್ಯ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ 1979ರಲ್ಲಿ ಗೆಲ್ಲಬೇಕಾಯಿತು. ಲೋಕದ ಸರ್ಕಾರಗಳೆಲ್ಲ ಒಂದೇ ಗರಡಿಯಲ್ಲಿ ಕಲಿತಂತಿವೆ: ಪ್ರೀತಿ ಇದ್ದ ಕಡೆ ರೊಕ್ಕ ಯಾಕೆ?

ಹಾಂ, ಸಾಯುವುದರಲ್ಲೂ ತಿಳಿವಳಿಕೆ ಬೇಕು. 2021ರಲ್ಲಿ ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ರಾಜ್ಯ ತಿಂಗಳಿಗೆ 3,500 ಘೋಷಿಸಿತು, ಕೇಂದ್ರ 23 ತುಂಬಿದಾಗ ಕೈಗೆ ಸಿಗುವಂತೆ 10 ಲಕ್ಷ ಎಂದಿತು. ಕೊಟ್ಟದ್ದು ಸರಿ. ಇನ್ನೂ ಹೆಚ್ಚು ಕೊಡಲಿ. ಆದರೆ ಟ್ರ್ಯಾಕ್ಟರ್ ಬಿದ್ದು ಸತ್ತವನ ಮಗ, ಸಾಲಕ್ಕೆ ಹಗ್ಗ ಹಿಡಿದವನ ಮಗಳು, ಹೆರಿಗೆಯಲ್ಲಿ ಹೋದವಳ ಕೂಸು, ಇವರೆಲ್ಲ ಕಡಿಮೆ ಅನಾಥರೇ? ರಾತ್ರಿ ಅವ್ವನ ಸೀರೆ ಹಿಡಿದು ಮಲಗುವ ಹುಡುಗನಿಗೆ ಯಾವ ರೋಗದ ಹೆಸರು ಹೇಳಿದರೆ ನಿದ್ದೆ ಬರುತ್ತದೆ? ನಗಿಸಲೆಂದೇ ಬರೆಯಲು ಕೂತವನು ನಾನು. ಇದನ್ನು ಮಾತ್ರ ನಗುತ್ತ ಬರೆಯಲು ಆಗಲಿಲ್ಲ.

ಹೇಗೋ ವಂಶಾವಳಿ ಸಿಕ್ಕಿತು. ಹುಡುಗನ ಜೊತೆ ಜಂಟಿ ಖಾತೆ ತೆರೆಯಲು ಬ್ಯಾಂಕಿಗೆ ಹೋದೆವು. ಹೆಬ್ಬೆಟ್ಟು ಇಡಿ ಎಂದರು. ಇಟ್ಟಳು. ಯಂತ್ರ ಕೆಂಪು ದೀಪ ತೋರಿಸಿತು. ಸೆರಗಿಗೆ ಒರೆಸಿ ಇಟ್ಟಳು, ಉಗುಳು ಹಚ್ಚಿ ಇಟ್ಟಳು, ಹತ್ತೂ ಬೆರಳು ಇಟ್ಟಳು. ಇಪ್ಪತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರಿದ ಬೆರಳುಗಳು ಹೊಳೆಕಲ್ಲಿನಂತೆ ನುಣ್ಣಗಾಗಿವೆ, ಗೆರೆ ಎಲ್ಲಿಂದ ತರಬೇಕು? ಫಾರ್ಮಿನ ಮೇಲೆ ಮಾತ್ರ ಆ ಬೆರಳು ಅಷ್ಟು ಚೆನ್ನಾಗಿ ಮೂಡಿದ್ದವು.

‘ಆಧಾರ್ ಅಪ್‌ಡೇಟ್ ಮಾಡಿಸ್ಕೊಂಡು ಸೋಮವಾರ ಬರ್ರಿ’ ಎಂದರು.

‘ಬರತೀನಿ ಬಿಡ್ರಿ, ಬಸ್ಸಂತೂ ಪುಕ್ಕಟೆ ಐತಿ’ ಎಂದಳು ಅಜ್ಜಿ. ಶಕ್ತಿ ಯೋಜನೆಯ ಉದ್ದೇಶ ಇದೇ ಇರಬೇಕು, ಇಲ್ಲ ಎನಿಸಿಕೊಳ್ಳಲು ಹೆಂಗಸರು ಇನ್ನು ಟಿಕೆಟ್ಟಿಗೆ ರೊಕ್ಕ ಕೊಡಬೇಕಿಲ್ಲ. ಹೊರಗೆ ಬರುವಾಗ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯಿತು. ಸೋಮವಾರ ಕೆಂಪು ಅಕ್ಷರದಲ್ಲಿತ್ತು.