ಉಪ್ಪು ತಿನ್ನೋ ಮಷಿನ್ನು

ಮೊದ್ಲು ಸಂಶಯ ಬಂದಿದ್ದು ಸ್ಟೀಲ್ ಲೋಟದ ಮೇಲೆ. ಬೆಳಿಗ್ಗೆ ಡಿಶ್‌ವಾಶರ್ ಬಾಗ್ಲು ತೆಗೆದು ಲೋಟ ಕೈಗೆತ್ಕೊಂಡ್ರೆ ರಾತ್ರಿ ಯಾರೋ ಬಂದು ಅದಕ್ಕೆ ತೆಳ್ಳಗೆ ಸುಣ್ಣ ಬಳ್ದು ಹೋದಂಗಿತ್ತು, ಉಜ್ಜಿದ್ರೆ ಬೆರಳಿಗೆ ಬಿಳಿ ಪುಡಿ, ನೀರು ಕುಡಿದ್ರೆ ಏನೂ ಗೊತ್ತಾಗಲ್ಲ ಆದ್ರೆ ಬಂದವರ ಕೈಗೆ ಕೊಡೋಕೆ ನಾಚಿಕೆ. ಆಮೇಲೆ ಮೇಲಿನ ಟ್ರೇನಲ್ಲಿದ್ದ ಚಹಾ ಕಪ್ಪಿನ ತಳದಲ್ಲಿ ಮರಳಿನಂಥ ಕಣ. ಅದಾದ್ಮೇಲೆ ಒಂದಿನ ಗಂಗಾಳದ ಅಂಚಿಗೆ ಹಿಂದಿನ ರಾತ್ರಿಯ ಎಣ್ಣೆಗಾಯಿ ಮಸಾಲೆ ಹಂಗೇ ಅಂಟ್ಕೊಂಡು, ಬಿಸಿಗೆ ಇನ್ನಷ್ಟು ಒಣಗಿ, ಹಕ್ಕಳೆ ಕಟ್ಟಿ ಕೂತಿತ್ತು. ನಮ್ಮಾಕಿ ಆ ಗಂಗಾಳ ತಂದು ನನ್ನ ಮುಂದೆ ಇಟ್ಟು "ಇದಕ್ಕಿಂತ ನೀವ ತೊಳದಿದ್ರ ಛಲೋ ಇತ್ತಲ್ರೀ" ಅಂದ್ಲು. ನಾನು ಪಾತ್ರೆ ತೊಳೆಯೋ ರೀತಿ ನಮ್ಮ ಮನೇಲಿ ತೀರಾ ಕೆಳಗಿನ ಮೆಟ್ಟಿಲು. ಅದಕ್ಕಿಂತ ಕೆಳಗೆ ಇಳಿದಿದೆ ಅಂದ್ರೆ ಮಷಿನ್ನಿಗೆ ಏನೋ ದೊಡ್ಡದೇ ಆಗಿದೆ.

ಈ ಮಷಿನ್ನು ಮನೆಗೆ ಬಂದಿದ್ದು 2020ರಲ್ಲಿ. ನಾವಿರೋದು ಪುಣೆ ಮಗ್ಗುಲಿನ ವಾಕಡ್‌ನಲ್ಲಿ. ಆ ವರ್ಷ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯ್ತಲ್ಲ, ಸೊಸೈಟಿ ಗೇಟು ಮುಚ್ಚಿ ಮಾವಶಿ ಒಳಗೆ ಬರೋಹಂಗಿಲ್ಲ ಅಂತಾಯ್ತು. ಇಲ್ಲಿ ಮನೆಗೆಲಸಕ್ಕೆ ಬರೋರನ್ನ ಮಾವಶಿ ಅಂತಾರೆ, ಅಂದ್ರೆ ಚಿಗವ್ವ, ಆ ಸಂಬಂಧದ ಬೆಲೆ ನಮಗೆ ಗೊತ್ತಾಗಿದ್ದು ಸಿಂಕಿನಲ್ಲಿ ಮುಸುರೆ ಗುಡ್ಡ ಎದ್ದ ಮೇಲೆ. ಮುಸುರೆ ಅನ್ನೋ ಶಬ್ದಾನೇ ನೋಡಿ, ಬಾಯಲ್ಲಿ ಹೇಳಿದ್ರೇ ಕೈ ಜಿಡ್ಡಾದಂಗಾಗತ್ತೆ. ಎರಡು ತಿಂಗಳು ನಾನು ತಿಕ್ಕೋದು ಅವಳು ತೊಳೆಯೋದು, ತೊಳೆಯೋವಾಗ ಅವಳು ನಾನು ತಿಕ್ಕಿದ್ದನ್ನ ಇನ್ನೊಮ್ಮೆ ತಿಕ್ಕೋದು, ಅದರ ಮೇಲೆ ಜಗಳ, ಇದೆಲ್ಲ ಸಾಕಾಗಿ ಆನ್‌ಲೈನಲ್ಲಿ ಆರ್ಡರ್ ಮಾಡಿದ್ವಿ. ಆ ವರ್ಷ ದೇಶದ ತುಂಬಾ ಜನ ಇದನ್ನೇ ಮಾಡಿದ್ರು ಅನ್ನೋದು ಆಮೇಲೆ ಪೇಪರ್ ನೋಡಿ ಗೊತ್ತಾಯ್ತು. ಮಾವಶಿ ವಾಪಸ್ ಬಂದ ಮೇಲೂ ಮಷಿನ್ನು ಉಳೀತು, ಕಸ ಗುಡಿಸೋದು, ಕುಕ್ಕರು ಮತ್ತೆ ಕಡಾಯಿ ಅವರಿಗೆ, ಉಳಿದಿದ್ದೆಲ್ಲ ಇದಕ್ಕೆ ಅಂತ ಪಾಲಾಯ್ತು.

ಈ ಮಷಿನ್ನು ಹುಟ್ಟಿದ ಕತೆ ಇನ್ನೂ ಮಜಾ ಇದೆ. ಅಮೆರಿಕದ ಇಲಿನಾಯ್‌ನ ಶೆಲ್ಬಿವಿಲ್ ಅನ್ನೋ ಊರಲ್ಲಿ ಜೋಸೆಫಿನ್ ಕಾಕ್ರೆನ್ ಅಂತ ಒಬ್ಬ ಸಿರಿವಂತ ಹೆಂಗಸು, ಅವರ ಮನೆಯ ಒಳ್ಳೊಳ್ಳೇ ಪಿಂಗಾಣಿ ತಟ್ಟೆಗಳ ಅಂಚನ್ನ ಕೆಲಸದವರು ತೊಳೆಯೋವಾಗ ಒಡೀತಾರೆ ಅಂತ ಆಕೆಗೆ ಸಂಕಟ. ಗಂಡ ತೀರಿಹೋಗಿ ಸಾಲ ತಲೆ ಮೇಲೆ ಬಂದಾಗ ಈ ಸಂಕಟಾನೇ ಕಸುಬು ಮಾಡ್ಕೊಂಡು 1886ರ ಡಿಸೆಂಬರಿನಲ್ಲಿ ಪೇಟೆಂಟ್ ತಗೊಂಡ್ರು, 1893ರ ಶಿಕಾಗೋ ಮೇಳದಲ್ಲಿ ಮಷಿನ್ ಇಟ್ಟು ತೋರಿಸಿದ್ರು. ಕೊಂಡವರು ಜಾಸ್ತಿ ಹೋಟೆಲಿನವರೇ, ಮನೆಗಳಲ್ಲಿ ಅಷ್ಟು ಬಿಸಿನೀರು ಎಲ್ಲಿತ್ತು ಆಗ. ನಮ್ಮ ಸ್ಟೀಲ್ ಗಂಗಾಳ ಮೂರನೇ ಮಾಳಿಗೆಯಿಂದ ಬಿದ್ರೂ ಸದ್ದು ಮಾಡತ್ತೆ ಹೊರತು ಒಡೆಯಲ್ಲ, ಹಂಗಾಗಿ ಆಕೆಯ ಸಂಕಟ ನಮ್ಮದಲ್ಲ. ಆದ್ರೆ ಆಕೆಗೆ ಹೊಳೆದ ಒಂದು ಮಾತು ಮುಖ್ಯ. ಬ್ರಶ್ಶು ಬೇಡ, ಉಜ್ಜೋದು ಬೇಡ, ಪಾತ್ರೆನ ಅಲ್ಲಾಡದಂಗೆ ಕೂರಿಸಿ ನೀರನ್ನೇ ಜೋರಾಗಿ ಹೊಡೀಬೇಕು. ಇವತ್ತಿಗೂ ಅಷ್ಟೇ. ಒಳಗೆ ತಿಕ್ಕೋ ಕೈ ಯಾವುದೂ ಇಲ್ಲ, ಇರೋದು ನೀರು, ಬಿಸಿ, ಸೋಪು. ಇದು ನನ್ನ ತಲೆಗೆ ಮೊದ್ಲೇ ಇಳಿದಿದ್ರೆ ಒಂದೂವರೆ ತಿಂಗಳು ಉಳೀತಿತ್ತು.

ನಾನು ಮಾಡಿದ್ದೇನು ಅಂದ್ರೆ ಎಲ್ಲರೂ ಮಾಡೋದೇ. ಒಂದು ಮಾತ್ರೆ ಬದಲು ಎರಡು ಮಾತ್ರೆ ಸೋಪು ಹಾಕಿದೆ. ಬೇರೆ ಕಂಪನಿ ಮಾತ್ರೆ ತಂದೆ. ಪಾತ್ರೆ ಮೊದ್ಲೇ ಸಿಂಕಲ್ಲಿ ಚೆನ್ನಾಗಿ ತೊಳೆದು ಆಮೇಲೆ ಮಷಿನ್ನಿಗಿಟ್ಟೆ, ಅಂದ್ರೆ ಸ್ನಾನ ಮಾಡಿಸಿ ಬಚ್ಚಲಿಗೆ ಕಳಿಸಿದಂಗೆ. ಕೊನೆಗೆ ಸರ್ವಿಸಿನವರಿಗೆ ಫೋನು. ಬಂದ ಹುಡುಗ ಒಂದು ನಿಮಿಷ ಓಡಿಸಿ, ತಲೆ ಒಳಗೆ ಹಾಕಿ, ಹೊರಗೆ ತೆಗೆದು "ಮೋಟರ್ ಗೇಲಿ" ಅಂದ. ಮರಾಠಿಯಲ್ಲಿ ಅದರರ್ಥ ಮೋಟರ್ ಹೋಯ್ತು ಅಂತ, ಹದಿನೈದು ವರ್ಷ ಪುಣೆಯಲ್ಲಿದ್ದೀನಿ ನನಗೆ ಗೊತ್ತಿಲ್ವಾ, ಆದ್ರೂ ಆ ಕ್ಷಣಕ್ಕೆ ಕನ್ನಡ ಕಿವಿಗೆ ಮೋಟರೇ ನನ್ನನ್ನ ಗೇಲಿ ಮಾಡ್ತಿದೆ ಅಂತ ಕೇಳಿಸ್ತು. ಅವನು ಹೇಳಿದ ರೇಟಿಗೆ ಇನ್ನಷ್ಟು ಸೇರಿಸಿದ್ರೆ ಅರ್ಧ ಹೊಸ ಮಷಿನ್ನೇ ಬರ್ತಿತ್ತು. ವಿಚಾರ ಮಾಡಿ ಹೇಳ್ತೀನಿ ಅಂತ ಬಂದಿದ್ದಕ್ಕಷ್ಟೇ ಚಾರ್ಜ್ ಕೊಟ್ಟು ಕಳಿಸಿದೆ.

ಅದೇ ವಾರ ಅವ್ವನ ಫೋನು, ಧಾರವಾಡದಿಂದ. ನಾನು ಮಷಿನ್ನಿನ ಮಾತು ಎತ್ತಲಿಲ್ಲ, ಎತ್ತಿದ್ರೆ "ಕೈಗೆ ಏನಾಗಿತ್ತ ನಿಮಗ" ಅಂತ ಶುರುವಾಗತ್ತೆ. ಬೇಳೆ ಬೇಯ್ತಿಲ್ಲ, ಮೂರು ಸೀಟಿಗೆ ಆಗ್ತಿದ್ದಿದ್ದು ಈಗ ಆರು ಸೀಟಿ ಹೊಡೆದ್ರೂ ಕಾಳು ಕಾಳೇ ಇರತ್ತೆ, ಅಂಗಡಿಯವನು ಹಳೇ ಬೇಳೆ ಕೊಡ್ತಿದ್ದಾನೆ, ಅಂಗಡಿ ಬದಲಾಯಿಸ್ಬೇಕು ಅಂತ ಸುಮ್ನೆ ಗೊಣಗಿದೆ. ಅವ್ವ ಅಂದ್ಲು, "ಬ್ಯಾಳಿಗೆ ಯಾಕ ಬೈತಿ, ನೀರು ಸವಳ ಬಂದಾವ ನೋಡ. ಸಾಬಾಣ ನೊರಿ ಬರತದೇನ?"

ಸೋಪು ನೊರೆ ಬರ್ತಿರಲಿಲ್ಲ. ಬಾತ್‌ರೂಮಲ್ಲಿ ಶಾಂಪೂ ಎರಡು ಸಲ ಹಾಕ್ಕೋಬೇಕಾಗ್ತಿತ್ತು, ಅದಕ್ಕೆ ನಾನು ವಯಸ್ಸಿಗೆ ಬೈತಿದ್ದೆ. ಕೆಳಗೆ ಹೋಗಿ ವಾಚ್‌ಮನ್‌ನ ಕೇಳಿದ್ರೆ ಎಲ್ಲ ಹೊರಗೆ ಬಂತು. ನಮ್ಮ ಕಡೆ ನಲ್ಲಿ ನೀರು ಪವನಾ ಡ್ಯಾಮಿಂದ, ಸಹ್ಯಾದ್ರಿ ಮಳೆ ನೀರು, ಮೆತ್ತಗಿನ ಸಿಹಿ ನೀರು. ಅದು 2019ರ ಕೊನೆಯಿಂದ ದಿನ ಬಿಟ್ಟು ದಿನ ಬರತ್ತೆ, ಸುತ್ತ ಹೊಸ ಬಿಲ್ಡಿಂಗ್ ಏಳ್ತಾನೇ ಇವೆ, ಕಡಿಮೆ ಬಿದ್ದಿದ್ದಕ್ಕೆ ಟ್ಯಾಂಕರ್. ಟ್ಯಾಂಕರಿನದು ಬೋರ್‌ವೆಲ್ ನೀರು, ಇಲ್ಲಿನ ಕರಿಕಲ್ಲಿನ ಸಂದಿನಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ ಮೆಗ್ನೀಶಿಯಂ ಎಲ್ಲ ಕುಡ್ಕೊಂಡು ಬಂದಿರತ್ತೆ. ಮೊದ್ಲು ವಾರಕ್ಕೆರಡು ಬರ್ತಿದ್ದ ಟ್ಯಾಂಕರ್ ಈ ಬೇಸಿಗೆಗೆ ದಿನಕ್ಕೆ ನಾಕು. "ಬೋರ್‌ಚಂ ಪಾಣಿ ಖಾರಂ ಅಸತಂ ನಾ, ಸಾಹೇಬ" ಅಂದ ವಾಚ್‌ಮನ್. ಮರಾಠಿಯವರಿಗೆ ಉಪ್ಪುಪ್ಪಾಗಿದ್ರೆ ಖಾರ, ನಮಗೆ ಮೆಣಸಿನಕಾಯಿ ಕಚ್ಚಿದ್ರೆ ಖಾರ, ಆ ನೀರು ಇಬ್ಬರಿಗೂ ಸುಟ್ಟಿತ್ತು ಅನ್ನಿ.

ಈ ಸಲ ಅಂದಾಜಲ್ಲಿ ಹೋಗೋದು ಬೇಡ ಅಂತ ಎರಡು ಪರೀಕ್ಷೆ ಮಾಡಿದೆ. ಬಿಳಿಚಿದ ಲೋಟಕ್ಕೆ ಅರ್ಧ ನಿಂಬೆಹಣ್ಣು ತಿಕ್ಕಿದೆ, ಕಲೆ ಮಾಯ. ಹೋದ್ರೆ ಅದು ಸುಣ್ಣ, ಗಾಜಿನ ಲೋಟವಾಗಿ ನಿಂಬೆಗೂ ಹೋಗದಿದ್ರೆ ಗಾಜೇ ಸವೆದಿದೆ ಅಂತ ಅರ್ಥ, ಅದಕ್ಕೆ ಔಷಧ ಇಲ್ಲ. ಆಮೇಲೆ ಅಕ್ವೇರಿಯಂ ಅಂಗಡಿಯಿಂದ ನೀರಿನ ಗಡಸುತನ ನೋಡೋ ಪಟ್ಟಿ ತಂದು ಅದ್ದಿದೆ, ಬಣ್ಣ ಹೋಗಿ ಲೀಟರಿಗೆ 425 ಮಿಲಿಗ್ರಾಮಿನ ಹತ್ರ ನಿಂತ್ಕೊಳ್ತು. ಕುಡಿಯೋ ನೀರಿಗೆ ಸರ್ಕಾರಿ ಮಾನಕದಲ್ಲಿ 200 ಒಳ್ಳೇದು, ಬೇರೆ ಗತಿ ಇಲ್ಲದಿದ್ರೆ 600ರ ತನಕ ನಡೆಯತ್ತೆ. ಅಂದ್ರೆ ನಾವು ಬದುಕೋಕೆ ಅಡ್ಡಿಯಿಲ್ಲ, ಲೋಟ ಹೊಳೆಯೋಕೆ ಅಡ್ಡಿ. ಬಿಸಿಯಾದಷ್ಟೂ ಈ ನೀರು ಸುಣ್ಣ ಬಿಡತ್ತೆ, ಊರಲ್ಲಿ ಬಚ್ಚಲ ಹಂಡೆಯೊಳಗೆ ಬೆರಳು ದಪ್ಪ ಕಲ್ಲು ಕಟ್ತಿದ್ದಿದ್ದು ಇದಕ್ಕೇ, ಮತ್ತೆ ನಾನೇನು ಮಾಡಿದ್ದೆ, ಕಲೆ ಹೋಗ್ಲಿ ಅಂತ 70 ಡಿಗ್ರಿ ಪ್ರೋಗ್ರಾಮ್ ಹಾಕ್ತಾ ಕೂತಿದ್ದೆ.

ಇನ್ನು ಆ ಮರಳಿನಂಥ ಕಣ. ಭಾನುವಾರ ಮಧ್ಯಾಹ್ನ ಪ್ಲಗ್ ತೆಗೆದು ಮಷಿನ್ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತೆ. ಕೆಳಗಿನ ಫಿಲ್ಟರ್ ತಿರುಗಿಸಿ ಎತ್ತಿದ್ರೆ ಬಂದ ವಾಸನೆ ಬಗ್ಗೆ ಏನೂ ಹೇಳಲ್ಲ, ಓದೋರು ಊಟಕ್ಕೆ ಕೂತಿರಬಹುದು. ಕರಿಬೇವಿನ ಎಲೆ, ನಿಂಬೆ ಬೀಜ, ಶೇಂಗಾ ಸಿಪ್ಪೆ, ಒಂದು ಟೂತ್‌ಪಿಕ್ಕು, ಮಗಳ ಜಡೆಯ ರಬ್ಬರ್ ಬ್ಯಾಂಡು. ಅದನ್ನ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ, ಆಮೇಲೆ ನೀರು ಚಿಮ್ಮಿಸೋ ಫ್ಯಾನುಗಳನ್ನ ಬಿಚ್ಚಿದೆ. ಕೆಳಗಿನದು ಎಳೆದ್ರೆ ಬಂತು, ಮೇಲಿನದಕ್ಕೆ ತಿರುಪು. ಮೇಲಿನದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗಿಲಕಿ! ತೊಟ್ಟಿಲ ಕೂಸಿಗೆ ಆಡಿಸೋ ಗಿಲಕಿ ಥರ ಗಿಲಗಿಲ. ಬಗ್ಗಿಸಿ ಬಡಿದ್ರೆ ಸಾಸಿವೆ, ಸಾಸಿವೆ, ಸಾಸಿವೆ, ನಡುನಡುವೆ ಜೀರಿಗೆ. ಐದು ವರ್ಷದ ಒಗ್ಗರಣೆ ಅಲ್ಲಿ ಜಮಾ ಆಗಿತ್ತು. ಆ ಸಣ್ಣ ತೂತಿಗೂ ಸಾಸಿವೆ ಕಾಳಿಗೂ ಅಳತೆ ತಗೊಂಡು ಮಾಡಿದಂಗೆ ಸರಿಹೋಗತ್ತೆ, ಇದನ್ನ ಕಂಡುಹಿಡಿದವರ ಮನೇಲಿ ಒಗ್ಗರಣೆ ಇರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ತೂತು ಮುಚ್ಚಿದ ಮೇಲೆ ಮೇಲಿನ ಟ್ರೇಗೆ ನೀರು ಜೋರಾಗಿ ಹೋಗೋದು ಹೆಂಗೆ? ಸೂಜಿಯಿಂದ ಒಂದೊಂದೇ ತೂತು ಬಿಡಿಸಿದೆ. ಕೆಳಗಿನ ಫ್ಯಾನಿಗೆ ಬೇರೆ ರೋಗ, ಚಮಚದ ಬುಟ್ಟಿಯಿಂದ ಝಾರಿ ಸೌಟಿನ ಹಿಡಿ ಕೆಳಗೆ ಇಣುಕಿ ಫ್ಯಾನು ತಿರುಗೋಕೇ ಬಿಡ್ತಿರಲಿಲ್ಲ. ಮೋಟರ್ ಎಲ್ಲೂ ಹೋಗಿರಲಿಲ್ಲ ಪಾಪ.

ಮಷಿನ್ನಿನ ತಳದಲ್ಲಿ, ಫಿಲ್ಟರ್ ಪಕ್ಕ, ಒಂದು ದಪ್ಪ ಮುಚ್ಚಳ ಇರತ್ತೆ. ಐದು ವರ್ಷದಲ್ಲಿ ನಾನು ಅದನ್ನ ತೆಗೆದಿದ್ದು ಒಂದೇ ಸಲ, ಇನ್‌ಸ್ಟಾಲ್ ಮಾಡೋಕೆ ಬಂದವನು ತೋರಿಸಿದಾಗ. ಅದು ಉಪ್ಪಿನ ಡಬ್ಬಿ. ಅದಕ್ಕೆ ಹೊಂದಿಕೊಂಡ ಇನ್ನೊಂದು ಖಾನೆಯಲ್ಲಿ ಸಾಸಿವೆಗಿಂತ ಸಣ್ಣ, ರೆಸಿನ್ ಅನ್ನೋ ಪ್ಲಾಸ್ಟಿಕ್ಕಿನಂಥ ಮಣಿಗಳಿರ್ತಾವೆ, ಅದರ ಮೇಲೆ ಸೋಡಿಯಂ ಕೂತಿರತ್ತೆ, ಸವಳು ನೀರು ಬಂದಾಗ ಕ್ಯಾಲ್ಸಿಯಂ ಸೋಡಿಯಂನ ಎಬ್ಬಿಸಿ ತಾನು ಕೂರತ್ತೆ, ನೀರು ಮೆತ್ತಗಾಗಿ ಮುಂದೆ ಹೋಗತ್ತೆ. ಸೀಟೆಲ್ಲ ಕ್ಯಾಲ್ಸಿಯಂ ಹಿಡಿದ ಮೇಲೆ? ಆಗ ಡಬ್ಬಿಯ ಉಪ್ಪುನೀರು ಬಿಡತ್ತೆ, ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಬಂದಾಗ ಜನ ನುಗ್ಗೋ ಹಂಗೆ ಸೋಡಿಯಂ ಗುಂಪಾಗಿ ನುಗ್ಗಿ ಕ್ಯಾಲ್ಸಿಯಂನ ಇಳಿಸಿ ಗಟಾರಕ್ಕೆ ಕಳಿಸಿ ಮತ್ತೆ ಟವೆಲ್ ಹಾಕತ್ತೆ. ಉಪ್ಪು ಪಾತ್ರೆಗೆ ಹೋಗಲ್ಲ, ಮಣಿಗಳನ್ನ ತೊಳೆಯೋಕೆ ಅಷ್ಟೇ. 2020ರಲ್ಲಿ ಪವನಾ ನೀರೇ ಜಾಸ್ತಿ ಇದ್ದಿದ್ದರಿಂದ ನಾವು ಗಡಸುತನದ ಸೆಟ್ಟಿಂಗ್ ಸೊನ್ನೆಗಿಟ್ಟಿದ್ವಿ, ನಮ್ಮ ಮಷಿನ್ನಲ್ಲಿ ಸೊನ್ನೆಗಿಟ್ರೆ ಉಪ್ಪು ಖಾಲಿ ಅನ್ನೋ ದೀಪಾನೂ ಹತ್ತಲ್ಲ. ನೀರು ಬದಲಾಯ್ತು, ಅದಕ್ಕೆ ಯಾರೂ ಹೇಳಲಿಲ್ಲ.

ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ಇದು ಉಲ್ಟಾ ಗಿರಾಕಿ, ಇಂಥಾ ನೀರು ಕುಡಿದ ಮೇಲೆ ಉಪ್ಪು ತಿನ್ನಲೇಬೇಕು. ಮನೆಯ ಪುಡಿ ಉಪ್ಪು ಆಗಲ್ಲ, ಅದು ಒಳಗೆ ಹೆಪ್ಪುಗಟ್ಟಿ ಕೂರತ್ತೆ, ಉದುರಾಗಿರ್ಲಿ ಅಂತ ಅದಕ್ಕೆ ಬೇರೆ ಏನೇನೋ ಸೇರಿಸಿರ್ತಾರೆ. ಇದಕ್ಕೇ ಅಂತ ಬರೋ ದಪ್ಪ ಹರಳಿನ ಉಪ್ಪು ಎರಡು ಕೆಜಿ ತರಿಸಿ ಸುಮಾರು ಒಂದೂವರೆ ಕೆಜಿ ಸುರಿದೆ, ಡಬ್ಬಿಯ ನೀರು ಉಕ್ಕಿ ಹೊರಗೆ ಬಂತು, ಸ್ಟೀಲ್ ತುಕ್ಕು ಹಿಡೀಬಾರದು ಅಂತ ತಕ್ಷಣ ಒಂದು ಸಲ ಓಡಿಸಿದೆ. ಆಮೇಲೆ ನೂರು ಗ್ರಾಂ ಸಿಟ್ರಿಕ್ ಆಸಿಡ್, ನಮ್ಮ ಕಡೆ ನಿಂಬೆ ಉಪ್ಪು ಅಂತಾರಲ್ಲ ಅದು, ಒಳಗೆ ಹಾಕಿ ಪಾತ್ರೆ ಇಲ್ಲದೆ ಬಿಸಿನೀರಲ್ಲಿ ಇನ್ನೊಂದು ಸಲ. ಸೆಟ್ಟಿಂಗ್ ಪುಸ್ತಕದಲ್ಲಿ ಗಡಸುತನದ ಅಳತೆ ಜರ್ಮನ್ ಡಿಗ್ರಿ ಅಂತ ಬರೆದಿತ್ತು, ಒಂದು ಡಿಗ್ರಿ ಅಂದ್ರೆ ಲೀಟರಿಗೆ 17.8 ಮಿಲಿಗ್ರಾಂ, ಹಂಗಾಗಿ 425ನ್ನ 17.8ರಿಂದ ಭಾಗಿಸಿ 24 ಅಂತ ಲೆಕ್ಕ ಹಾಕಿ ಇಟ್ಟೆ. ಮಾರನೇ ಬೆಳಿಗ್ಗೆ ಲೋಟ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ನನ್ನ ಮುಖ ಕಾಣಿಸ್ತು, ಉಬ್ಬಿಕೊಂಡು. ನಮ್ಮಾಕಿ ನೋಡಿ "ಹೂಂ" ಅಂದ್ಲು, ಮದುವೆಯಾಗಿ ಇಷ್ಟು ವರ್ಷಕ್ಕೆ ಆ "ಹೂಂ"ನ ತೂಕ ನನಗೆ ಗೊತ್ತು.

ಮೇನಲ್ಲಿ ಅವ್ವ ಬಂದ್ಲು, ಚೀಲದ ತುಂಬಾ ಮಾವಿನಕಾಯಿ ಹೊತ್ಕೊಂಡು. ಮಷಿನ್ನಿಗೂ ಅವಳಿಗೂ ಮಾತಿಲ್ಲ, ತನ್ನ ಗಂಗಾಳ ತಾನೇ ತೊಳೆದು ಒರೆಸಿ ಕಟ್ಟೆ ಮೇಲೆ ಬೋರಲು ಹಾಕ್ತಾಳೆ. ನಾನು ಆಫೀಸಿಂದ ಬರೋ ಹೊತ್ತಿಗೆ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಆಗಿತ್ತು. "ಪುಣೆದಾಗ ಇಷ್ಟ ಚಂದ ಹರಳುಪ್ಪು ಸಿಗತದಂತ ಗೊತ್ತ ಇರಲಿಲ್ಲ ನೋಡಪಾ, ಬೆಳ್ಳಗ ಸಕ್ಕರಿ ಆದಂಗ ಆಗೇದ" ಅಂದ್ಲು. ಸಿಂಕಿನ ಕೆಳಗಿನ ಪ್ಯಾಕೆಟ್ ನೋಡಿದೆ, ಹೊಸಾದು, ಅರ್ಧ ಖಾಲಿ, ಮೇಲೆ ತಿನ್ನೋಕಲ್ಲ ಅಂತ ಇಂಗ್ಲಿಷಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ. ಮಷಿನ್ನಿನಲ್ಲಿ ಉಪ್ಪಿನ ದೀಪ ಕೆಂಪಗೆ ಹತ್ತಿ ಎರಡು ದಿನ ಆಗಿತ್ತು. ಅವ್ವಗೆ ಹೇಗೆ ಹೇಳೋದು ಅಂತ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಭರಣಿ ಇನ್ನೂ ಅಟ್ಟದ ಮೇಲಿದೆ.