ಯುರೋಪಿನ ರೈಲಿಗೆ ಅಗ್ಗದ ಟಿಕೆಟ್: ಮೊದಲು ವೀಸಾ, ಆಮೇಲೆ ರೈಲು

ಅಡಿಕೆ ಕೊಯ್ಲು, ಸುಲಿತ, ಒಣಗಿಸೋದು ಎಲ್ಲ ಮುಗಿದು ಕೊಳೆ ಔಷಧಿ ಹೊಡೆಸುವ ಹೊತ್ತು ಬರುವುದರೊಳಗೆ ನಮ್ಮ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಸಿಗುವುದು ಏಪ್ರಿಲ್, ಮೇ ಅಷ್ಟೇ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಓದುವ, ಕೆಲಸ ಮಾಡುವ ಮಕ್ಕಳನ್ನು ನೋಡಲು ಹೊರಡುವ ಅಪ್ಪ-ಅಮ್ಮಂದಿರು ಈಗ ಪ್ರತಿ ಊರಿನಲ್ಲೂ ಇದ್ದಾರೆ. ವಿಮಾನದ ಟಿಕೆಟಿಗೆ ಆರು ತಿಂಗಳ ಮೊದಲೇ ನಾಲ್ಕು ಕಡೆ ವಿಚಾರಿಸುವ ಇವರೇ ಅಲ್ಲಿನ ರೈಲಿನ ವಿಷಯ ಬಂದಾಗ "ಹೋದ ಮೇಲೆ ನೋಡಿದರಾಯ್ತು" ಅನ್ನುತ್ತಾರೆ. ದುಡ್ಡು ಸುಮ್ಮನೆ ಹೋಗುವುದು ಅಲ್ಲೇ. ಇನ್ನು ಕೆಲವರದ್ದು ಇದರ ಉಲ್ಟಾ: ವೀಸಾ ಕೈಗೆ ಬರುವ ಮೊದಲೇ ದುಡ್ಡು ವಾಪಸ್ ಬಾರದ ಟಿಕೆಟ್ ಕೊಂಡು ಕೂತಿರುತ್ತಾರೆ. ಎರಡನ್ನೂ ತಪ್ಪಿಸಬಹುದು. ಅದನ್ನು ವಿವರವಾಗಿ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಸಮಾಧಾನದಿಂದ ಓದಿ.

ಐಆರ್‌ಸಿಟಿಸಿ ಲೆಕ್ಕಾಚಾರವನ್ನು ಮೊದಲು ಬದಿಗಿಡಿ. ನಮ್ಮಲ್ಲಿ 2024ರ ನವೆಂಬರ್‌ನಿಂದ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ತಾಳಗುಪ್ಪದ ರೈಲಿಗೆ ಬುಕಿಂಗ್ ತೆರೆದ ದಿನವೇ ಕೊಂಡರೂ, ಹೊರಡುವ ಹಿಂದಿನ ವಾರ ಕೊಂಡರೂ ಸ್ಲೀಪರ್ ದರ ಅದೇ. ಸಿಗುತ್ತದೋ ಇಲ್ಲವೋ ಅನ್ನುವುದೊಂದೇ ಪ್ರಶ್ನೆ. ಯುರೋಪಿನ ದೂರದ ರೈಲುಗಳಲ್ಲಿ ಟಿಕೆಟ್ ಬಹುತೇಕ ಕೊನೆಯ ಗಳಿಗೆಯಲ್ಲೂ ಸಿಗುತ್ತದೆ, ದರ ಮಾತ್ರ ಏರಿರುತ್ತದೆ. ಪ್ರತಿ ರೈಲಿನಲ್ಲೂ ಅತಿ ಕಡಿಮೆ ದರಕ್ಕೆ ಇಷ್ಟೇ ಟಿಕೆಟ್ ಅಂತ ಇಟ್ಟಿರುತ್ತಾರೆ. ಅದು ಖಾಲಿಯಾದರೆ ಮುಂದಿನ ದರ, ಅದೂ ಮುಗಿದರೆ ಇನ್ನೂ ಮೇಲಿನದು. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಎರಡನೇ ದರ್ಜೆಯ ಪೂರ್ತಿ ದರ 150 ಯೂರೋ ದಾಟುತ್ತದೆ. ಅದೇ ರೈಲಿನ ಅದೇ ಸೀಟು ಮೊದಲೇ ಕೊಂಡವರಿಗೆ 30-40 ಯೂರೋಗೆ ಸಿಕ್ಕಿರುವುದುಂಟು. ಗಂಡ-ಹೆಂಡತಿ ಇಬ್ಬರು ಹೋಗಿ ಬರುವ ಲೆಕ್ಕ ಹಾಕಿದರೆ ಸಣ್ಣ ಮೊತ್ತವಲ್ಲ.

ಹಾಗಂತ ವೀಸಾಕ್ಕಿಂತ ಮೊದಲೇ ಕೊಳ್ಳಬೇಡಿ. ಅಗ್ಗದ ಟಿಕೆಟ್ ಎಂದರೆ ಹೆಚ್ಚಿನ ಪಾಲು ರದ್ದು ಮಾಡಲಾಗದ ಟಿಕೆಟ್. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾ ಅರ್ಜಿಗೆ ದುಡ್ಡು ಕಟ್ಟಿದ ರೈಲು ಟಿಕೆಟ್ ಬೇಕಿಲ್ಲ. ಎಲ್ಲಿಂದ ಎಲ್ಲಿಗೆ, ಯಾವ ದಿನ ಅನ್ನುವ ಪ್ರಯಾಣದ ಪಟ್ಟಿ ಸಾಕು. ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45 ದಿನದವರೆಗೂ ಹೋಗುತ್ತದೆ. ಬೇಸಿಗೆ ರಜೆ ಹತ್ತಿರ ಬಂದಂತೆ ಬೆಂಗಳೂರಿನಲ್ಲಿ ಬೆರಳಚ್ಚು ಕೊಡುವ ದಿನಾಂಕ ಸಿಗುವುದೇ ಕಷ್ಟ. ಹಾಗಾಗಿ ರೈಲನ್ನು ಆತುರದಿಂದ ಕೊಳ್ಳುವ ಬದಲು ವೀಸಾ ಕೆಲಸವನ್ನೇ ಬೇಗ ಶುರುಮಾಡಿಕೊಳ್ಳಿ. ಮೇ ತಿಂಗಳ ಪ್ರಯಾಣಕ್ಕೆ ಡಿಸೆಂಬರ್-ಜನವರಿಯಲ್ಲೇ ಅರ್ಜಿ ಹಾಕಿದರೆ ಫೆಬ್ರವರಿಗೆ ಪಾಸ್‌ಪೋರ್ಟ್ ಮನೆಗೆ ಬಂದಿರುತ್ತದೆ, ಆಗಲೂ ಅಗ್ಗದ ಟಿಕೆಟ್ ಸಾಕಷ್ಟು ಉಳಿದಿರುತ್ತವೆ. ಈ ವಿಷಯದಲ್ಲಿ ತೋಟದವರಿಗೆ ಒಂದು ಅನುಕೂಲವಿದೆ. ಯಾವಾಗ ಬಿಡುವು, ಯಾವಾಗ ವಾಪಸ್ ಬರಲೇಬೇಕು ಅನ್ನುವುದು ವರ್ಷದ ಮೊದಲೇ ಗೊತ್ತಿರುತ್ತದೆ. ಆಫೀಸಿನ ರಜೆ ಮಂಜೂರಾಗಲಿ ಎಂದು ಕಾಯುವವರಿಗೆ ಈ ಭಾಗ್ಯವಿಲ್ಲ.

ಈಗ ಜರ್ಮನಿ. ನಮ್ಮ ಮಕ್ಕಳು ಹೆಚ್ಚು ಇರುವುದೂ ಅಲ್ಲೇ, ಗೊಂದಲ ಹೆಚ್ಚಿರುವುದೂ ಅಲ್ಲೇ. ಅಲ್ಲಿನ ರೈಲ್ವೆಯಾದ ಡಾಯ್ಚ ಬಾನ್‌ನ ಆ್ಯಪ್‌ನಲ್ಲಿ ಮುಖ್ಯವಾಗಿ ಮೂರು ದರ ಕಾಣುತ್ತವೆ. ಸೂಪರ್ ಸ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ, ರದ್ದು ಮಾಡಲು ಬರುವುದಿಲ್ಲ. ಸ್ಪಾರ್‌ಪ್ರೈಸ್ ಸ್ವಲ್ಪ ಜಾಸ್ತಿ, ಪ್ರಯಾಣದ ಹಿಂದಿನ ದಿನದವರೆಗೆ 10 ಯೂರೋ ಕಡಿತದೊಂದಿಗೆ ರದ್ದು ಮಾಡಬಹುದು. ಫ್ಲೆಕ್ಸ್‌ಪ್ರೈಸ್ ಪೂರ್ತಿ ದರ, ಆ ದಿನ ಯಾವ ರೈಲು ಬೇಕಾದರೂ ಹತ್ತಬಹುದು. ಮೊದಲ ಎರಡರಲ್ಲಿ ಟಿಕೆಟ್ ಮೇಲೆ ನಮೂದಾದ ದೂರದ ರೈಲನ್ನೇ ಹತ್ತಬೇಕು. ಅರ್ಧ ಗಂಟೆ ಮೊದಲು ಸ್ಟೇಷನ್ ತಲುಪಿದೆವು, ಎದುರಿಗೇ ಇನ್ನೊಂದು ರೈಲು ನಿಂತಿದೆ ಎಂದು ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ. ವಯಸ್ಸಾದವರಿಗೆ ನನ್ನ ಸಲಹೆ ಸ್ಪಾರ್‌ಪ್ರೈಸ್. ಸೂಪರ್ ಸ್ಪಾರ್‌ಪ್ರೈಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ಯೂರೋ ಆಗಿದ್ದರೆ, ಹೊರಡುವ ಮೊದಲಿನ ದಿನಗಳಲ್ಲಿ ಮೈ ಹುಷಾರು ತಪ್ಪಿದಾಗ ಆ ಅನುಕೂಲ ಕೆಲಸಕ್ಕೆ ಬರುತ್ತದೆ.

ರೈಲು ತಡವಾದರೆ? ಜರ್ಮನಿಯ ರೈಲು ಗಡಿಯಾರದಂತೆ ಓಡುತ್ತದೆ ಅನ್ನುವ ನಂಬಿಕೆ ಹಳೆಯದು. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಸುಮಾರು ಶೇಕಡ 62 ಮಾತ್ರ, ಅದೂ ಆರು ನಿಮಿಷದೊಳಗಿನ ವಿಳಂಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ತಲುಪುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾಗುತ್ತದೆ ಎಂದು ಕಂಡರೆ "ಇದೇ ರೈಲು" ಅನ್ನುವ ನಿರ್ಬಂಧ ತಾನಾಗಿ ಸಡಿಲವಾಗುತ್ತದೆ, ಮುಂದಿನ ರೈಲು ಹತ್ತಬಹುದು. ಒಂದು ಷರತ್ತಿದೆ: ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಬೇಕು. ಎರಡು ಯೂರೋ ಉಳಿಯುತ್ತದೆ ಎಂದು ಎರಡು ತುಂಡು ಟಿಕೆಟ್ ಕೊಂಡರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಅದು ನಿಮ್ಮದೇ ನಷ್ಟ. ಆ್ಯಪ್ ಎಂಟೇ ನಿಮಿಷದಲ್ಲಿ ರೈಲು ಬದಲಿಸುವ ದಾರಿಯನ್ನೂ ತೋರಿಸುತ್ತದೆ. ಸೂಟ್‌ಕೇಸ್ ಎಳೆದುಕೊಂಡು ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಇಳಿದು ಹತ್ತಬೇಕಾದ ಅರವತ್ತು ದಾಟಿದವರಿಗೆ ಅದು ಸಾಲದು. ಬದಲಾವಣೆಗೆ ಕನಿಷ್ಠ ಸಮಯ ಎಂಬ ಆಯ್ಕೆಯಲ್ಲಿ 30 ನಿಮಿಷ ಹಾಕಿ ಮತ್ತೆ ಹುಡುಕಿ. ನೇರ ರೈಲು ಇದ್ದರೆ ಹತ್ತು ಯೂರೋ ಜಾಸ್ತಿಯಾದರೂ ಅದನ್ನೇ ಕೊಳ್ಳಿ.

ಇಳಿದ ದಿನದ ರೈಲಿಗೆ ಮಾತ್ರ ಬಿಗಿ ಟಿಕೆಟ್ ಬೇಡವೇ ಬೇಡ. ವಿಮಾನ ತಡವಾಗಬಹುದು, ಇಮಿಗ್ರೇಷನ್ ಸಾಲು ಒಂದೂವರೆ ಗಂಟೆ ಹಿಡಿಯಬಹುದು, ಲಗೇಜು ಬರುವುದು ನಿಧಾನವಾಗಬಹುದು. ಇದ್ಯಾವುದೂ ರೈಲಿನವರಿಗೆ ಸಂಬಂಧಿಸಿದ್ದಲ್ಲ. ಫ್ಲೆಕ್ಸ್‌ಪ್ರೈಸ್ ತೆಗೆದುಕೊಳ್ಳಿ. ಅಗ್ಗದ್ದೇ ಬೇಕೆಂದರೆ ವಿಮಾನ ಇಳಿದ ಮೇಲೆ ನಾಲ್ಕು ಗಂಟೆಯಾದರೂ ಬಿಡುವಿರಲಿ. ವಿಮಾನದ ಟಿಕೆಟ್ ಕೊಳ್ಳುವಾಗಲೇ ರೈಲನ್ನೂ ಸೇರಿಸಿ ಕೊಡುವ ವ್ಯವಸ್ಥೆ ಕೆಲವು ವಿಮಾನ ಕಂಪನಿಗಳಲ್ಲಿದೆ, ಅದನ್ನೂ ವಿಚಾರಿಸಿ.

ಸ್ಟೇಷನ್ ಹೆಸರನ್ನು ಎರಡು ಸಲ ಓದಿ. ಫ್ರಾಂಕ್‌ಫರ್ಟ್ ಎರಡಿವೆ: ಮೈನ್ ನದಿಯ ಫ್ರಾಂಕ್‌ಫರ್ಟ್ ವಿಮಾನ ಇಳಿಯುವ ಊರು, ಓಡರ್ ನದಿಯದ್ದು ಪೋಲೆಂಡ್ ಗಡಿಯಲ್ಲಿದೆ. ವೆನಿಸ್‌ನಲ್ಲಿ ಮೆಸ್ತ್ರೆ ಅಂದರೆ ನೆಲದ ಮೇಲಿನ ಊರು. ಕಾಲುವೆಗಳಿರುವ ವೆನಿಸ್‌ಗೆ ಸಾಂತಾ ಲೂಚಿಯಾದಲ್ಲಿ ಇಳಿಯಬೇಕು. ಪ್ಯಾರಿಸ್‌ನಲ್ಲಿ ಫ್ರಾಂಕ್‌ಫರ್ಟ್ ಕಡೆಯ ರೈಲು ಗಾರ್ ದ ಲೆಸ್ತ್‌ಗೆ ಬಂದರೆ, ದಕ್ಷಿಣದ ಕಡೆಗೆ ಹೋಗುವ ರೈಲು ಗಾರ್ ದ ಲಿಯೋಂನಿಂದ ಹೊರಡುತ್ತದೆ. ಮಧ್ಯೆ ಊರು ದಾಟಲು ಒಂದು ಗಂಟೆಯಾದರೂ ಇಟ್ಟುಕೊಳ್ಳಿ.

ಹೆಸರು ನಮ್ಮವರಿಗೆ ದೊಡ್ಡ ತಲೆನೋವು. ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ ಸೇರಿಸಿ ಬರೆದು ರೂಢಿ. ಪಾಸ್‌ಪೋರ್ಟ್‌ನಲ್ಲಿ ಎಷ್ಟೋ ಜನರದ್ದು ಸರ್‌ನೇಮ್ ಜಾಗ ಖಾಲಿ. ರೈಲಿನ ಫಾರಂ ಎರಡೂ ಕೇಳುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನ ಕೊನೆಯ ಪದವನ್ನು ಸರ್‌ನೇಮ್ ಜಾಗಕ್ಕೆ ಹಾಕಿ. ಒಂದೇ ಪದವಿದ್ದರೆ ಅದನ್ನೇ ಎರಡೂ ಕಡೆ ಬರೆಯಿರಿ. ಟಿಕೆಟ್ ಪರೀಕ್ಷಕರು ನೋಡುವುದು ಪಾಸ್‌ಪೋರ್ಟ್‌ಗೆ ತಾಳೆಯಾಗುತ್ತದೆಯೇ ಎಂದು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ನಡೆಯುವುದಿಲ್ಲ. ಮೊಮ್ಮಕ್ಕಳು ಜೊತೆಗಿದ್ದರೆ ಜರ್ಮನಿಯಲ್ಲಿ 14 ವರ್ಷದವರೆಗೆ ದೊಡ್ಡವರೊಂದಿಗೆ ಉಚಿತ, ಆದರೆ 6ರಿಂದ 14ರವರನ್ನು ಟಿಕೆಟ್ ಕೊಳ್ಳುವಾಗಲೇ ಸೇರಿಸಬೇಕು.

ಸೀಟಿನ ಮಾತು. ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದೂ ನಿಂತು ಹೋಗುವ ಪ್ರಸಂಗ ಶುಕ್ರವಾರ ಸಂಜೆ, ಭಾನುವಾರ ಸಂಜೆ ಮಾಮೂಲು. ಕೆಲವು ಯೂರೋ ಕೊಟ್ಟು ಸೀಟು ಕಾಯ್ದಿರಿಸಿಕೊಳ್ಳಿ. ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚೆ ಅನ್ನುವ ವೇಗದ ರೈಲುಗಳಲ್ಲಿ ಸೀಟು ಟಿಕೆಟ್‌ನಲ್ಲೇ ಸೇರಿರುತ್ತದೆ.

ಇಟಲಿಯಲ್ಲಿ ವೇಗದ, ದೂರದ ರೈಲಿಗೆ ಮಾತ್ರ ಮುಂಗಡ ಲಾಭ. ಸೂಪರ್ ಇಕಾನಮಿ ಅನ್ನುವ ದರ ಅಗ್ಗ, ಬದಲಾವಣೆ ಇಲ್ಲ. ಬಾಸೆ ದುಬಾರಿ, ಹೊರಡುವ ಮೊದಲು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅದೇ ಹಳಿಯಲ್ಲಿ ಇಟಾಲೊ ಅನ್ನುವ ಖಾಸಗಿ ಕಂಪನಿಯ ರೈಲೂ ಓಡುತ್ತದೆ, ಎರಡನ್ನೂ ಹೋಲಿಸಿ ನೋಡಿ. ರೆಜೊನಾಲೆ, ಅಂದರೆ ನಮ್ಮ ಪ್ಯಾಸೆಂಜರ್ ತರಹದ ರೈಲಿಗೆ ದರ ಯಾವತ್ತೂ ಒಂದೇ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಎರಡು ತಿಂಗಳ ಮೊದಲು ಟಿಕೆಟ್ ಕೊಂಡು ಏನೂ ಸಾಧಿಸಿದಂತಾಗುವುದಿಲ್ಲ. ಆದರೆ ಈ ಅಗ್ಗದ ರೈಲಿನಲ್ಲೇ ಪ್ರವಾಸಿಗರು ದಂಡ ಕಟ್ಟುವುದು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನಲ್ಲಿರುವ ಸಣ್ಣ ಪೆಟ್ಟಿಗೆಯ ಸೀಳಿನೊಳಗೆ ಅದರ ತುದಿ ತೂರಿಸಬೇಕು. ಟರ್ ಎಂದು ಸದ್ದಾಗಿ ದಿನಾಂಕ, ಸಮಯ ಅಚ್ಚಾಗುತ್ತದೆ. ಅಚ್ಚು ಬಿತ್ತೇ ಎಂದು ಕಣ್ಣಿಟ್ಟು ನೋಡಿ, ಶಾಯಿ ಮಸುಕಾಗಿದ್ದರೆ ಪಕ್ಕದ ಪೆಟ್ಟಿಗೆಗೆ ಹೋಗಿ. ಆನ್‌ಲೈನ್ ಟಿಕೆಟ್ ಆದರೆ ಹತ್ತುವ ಮೊದಲು ಫೋನಿನಲ್ಲಿ ಚೆಕ್-ಇನ್ ಒತ್ತಬೇಕೇ ಎಂದು ಟಿಕೆಟ್‌ನಲ್ಲೇ ಓದಿಕೊಳ್ಳಿ. ದುಡ್ಡು ಕೊಟ್ಟಿದ್ದೇವಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಸ್ವಿಟ್ಜರ್ಲೆಂಡ್‌ನಲ್ಲಿ ಸೇವರ್ ಡೇ ಪಾಸ್ ನೋಡಿ. ಎರಡನೇ ದರ್ಜೆಗೆ 52 ಫ್ರಾಂಕ್‌ನಿಂದ ಶುರು, ಆರು ತಿಂಗಳ ಮೊದಲೇ ಸಿಗುತ್ತದೆ, ಆ ದಿನವಿಡೀ ರೈಲು, ಬಸ್ಸು, ದೋಣಿ ಯಾವುದನ್ನು ಬೇಕಾದರೂ ಹತ್ತಬಹುದು. ಯುಂಗ್‌ಫ್ರಾವ್‌ಯೋಖ್‌ನಂಥ ಶಿಖರದ ರೈಲಿಗೆ ಮಾತ್ರ ಮುಂಗಡ ದುಡ್ಡು ಹಾಕಬೇಡಿ. ಮೋಡ ಕವಿದ ದಿನ ಕೊಡಚಾದ್ರಿ ಹತ್ತಿ ಏನು ಕಾಣುತ್ತದೋ ಅಲ್ಲೂ ಅಷ್ಟೇ ಕಾಣುವುದು. ಹಿಂದಿನ ಸಂಜೆ ಶಿಖರದ ನೇರ ಕ್ಯಾಮೆರಾ ನೋಡಿ ಕೊಳ್ಳಿ.

ಬ್ರಿಟನ್‌ಗೆ ವೀಸಾ ಬೇರೆ, ನಿಯಮವೂ ಬೇರೆ. ಅಡ್ವಾನ್ಸ್ ಟಿಕೆಟ್ ಸಾಮಾನ್ಯವಾಗಿ 12 ವಾರ ಮೊದಲು ಬರುತ್ತದೆ. ದುಡ್ಡು ವಾಪಸ್ ಇಲ್ಲ, ಹೊರಡುವ ಮೊದಲು 10 ಪೌಂಡ್ ಶುಲ್ಕ ಕೊಟ್ಟು ಸಮಯ ಬದಲಿಸಬಹುದು, ಮಧ್ಯದ ಊರಿನಲ್ಲಿ ಇಳಿದು ಸುತ್ತುವ ಹಾಗಿಲ್ಲ. ಗಂಡ-ಹೆಂಡತಿ ಒಟ್ಟಿಗೆ ಓಡಾಡುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್ ಕೊಳ್ಳಿ. 35 ಪೌಂಡ್, ಇಬ್ಬರ ಟಿಕೆಟ್‌ನಲ್ಲೂ ಮೂರನೇ ಒಂದು ಭಾಗ ಕಡಿಮೆ. ವಾರದ ದಿನಗಳಲ್ಲಿ ಬೆಳಿಗ್ಗೆ 9:30ರ ಮೊದಲು ನಡೆಯುವುದಿಲ್ಲ ಅನ್ನುವುದು ನೆನಪಿರಲಿ. 60 ದಾಟಿದವರಿಗೆ ಸೀನಿಯರ್ ಕಾರ್ಡ್ ಇದೆ, ಭಾರತೀಯರಿಗೂ ಕೊಡುತ್ತಾರೆ.

ಎರಡು ದೇಶ ದಾಟುವ ರೈಲಾದರೆ ಎರಡೂ ದೇಶದ ರೈಲ್ವೆ ತಾಣದಲ್ಲಿ ದರ ನೋಡಿ. ಪ್ರಾಗ್-ವಿಯೆನ್ನಾ ರೈಲು ಒಂದೇ, ಜೆಕ್ ರೈಲ್ವೆಯ ದರ ಒಂದು, ಆಸ್ಟ್ರಿಯಾದ್ದು ಇನ್ನೊಂದು. ನಾಲ್ಕು ಜನರಿಗೆ ಹುಡುಕಿದಾಗ ದರ ಜಾಸ್ತಿ ಕಂಡರೆ ಒಬ್ಬರಿಗೆ, ಆಮೇಲೆ ಇಬ್ಬರಿಗೆ ಹುಡುಕಿ. ಅಗ್ಗದ ದರದಲ್ಲಿ ಎರಡೇ ಉಳಿದಿದ್ದರೆ ಹಲವು ಕಡೆ ನಾಲ್ವರಿಗೂ ಮೇಲಿನ ದರವನ್ನೇ ತೋರಿಸುತ್ತಾರೆ. ಡಿಸೆಂಬರ್ ಎರಡನೇ ಶನಿವಾರ ಮಧ್ಯರಾತ್ರಿ ಯುರೋಪಿನಾದ್ಯಂತ ವೇಳಾಪಟ್ಟಿ ಬದಲಾಗುತ್ತದೆ. ಆ ದಿನದ ನಂತರದ ಟಿಕೆಟ್ ತಡವಾಗಿ ತೆರೆಯುವುದರಿಂದ "ರೈಲು ಇಲ್ಲ" ಎಂದು ತೋರಿಸಿದರೆ ಗಾಬರಿಯಾಗಬೇಡಿ. ಹಲವು ದೇಶಗಳ ರೈಲಿಗೆ ಒಂದೇ ಆಗಿರುವ ಯೂರೇಲ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ನಾಲ್ಕು ದೂರದ ಪ್ರಯಾಣ ಮಾತ್ರ ಇದ್ದು ದಿನಾಂಕ ಗಟ್ಟಿಯಾಗಿದ್ದರೆ ಬೇಡ ಅನ್ನುತ್ತೇನೆ. ಫ್ರಾನ್ಸ್, ಇಟಲಿಯ ವೇಗದ ರೈಲಿನಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು.

ಕೊನೆಗೆ ದುಡ್ಡು ಕಟ್ಟುವ ಜಾಗ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಆಗಿದೆಯೇ, ಮಿತಿ ಸಾಕಷ್ಟಿದೆಯೇ ಹಿಂದಿನ ದಿನವೇ ನೋಡಿಕೊಳ್ಳಿ. ವೀಸಾ ಕಂಪನಿಯ ಕಾರ್ಡ್, ಮಾಸ್ಟರ್‌ಕಾರ್ಡ್ ನಡೆಯುತ್ತವೆ, ರುಪೇ ಬಹುತೇಕ ನಡೆಯುವುದಿಲ್ಲ. ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ ಎಂದು ಯೂರೋ ಆರಿಸಿ. ಕಾರ್ಡಿನ ಫಾರೆಕ್ಸ್ ಶುಲ್ಕ 3.5 ಶೇಕಡ ಇದ್ದರೆ 400 ಯೂರೋ ಟಿಕೆಟ್‌ಗೆ 14 ಯೂರೋ, ಅದರ ಮೇಲೆ 18 ಶೇಕಡ ಜಿಎಸ್‌ಟಿ ಸೇರಿ ಹದಿನಾರೂವರೆ ಆಗುತ್ತದೆ. ಶುಲ್ಕ ಕಡಿಮೆ ಇರುವ ಕಾರ್ಡು ಮನೆಯಲ್ಲಿ ಯಾರದ್ದಿದೆ ವಿಚಾರಿಸಿ. ನಮ್ಮ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ, ಒಟಿಪಿ ಬರುವಷ್ಟರಲ್ಲಿ ಪುಟದ ಸಮಯ ಮುಗಿದಿರುತ್ತದೆ. ಸಿಗ್ನಲ್ ಗಟ್ಟಿ ಇರುವ ಪೇಟೆಯಲ್ಲಿ ಕೂತು ಮಾಡಿ. ಮಧ್ಯೆ ನಿಂತುಹೋದರೆ ತಕ್ಷಣ ಮತ್ತೆ ಕಟ್ಟಬೇಡಿ. ಕಾರ್ಡಿನಲ್ಲಿ ದುಡ್ಡು ಹೋಗಿದೆಯೇ, ಮೇಲ್‌ಗೆ ಟಿಕೆಟ್ ಬಂದಿದೆಯೇ ನೋಡಿ, ನೋಡದೆ ಕಟ್ಟಿದರೆ ಒಂದೇ ರೈಲಿಗೆ ಎರಡು ಸಲ ಕೊಂಡಂತಾಗಿ, ಎರಡನೆಯದೂ ವಾಪಸ್ ಬಾರದ ಟಿಕೆಟ್ ಆಗಿರುತ್ತದೆ. ಸೈಬರ್ ಸೆಂಟರ್‌ನವರ ಮೇಲ್ ವಿಳಾಸ ಯಾವ ಕಾರಣಕ್ಕೂ ಕೊಡಬೇಡಿ, ನಿಮ್ಮದೇ ಕೊಡಿ, ಎ4 ಕಾಗದದಲ್ಲಿ ಒಂದು ಪ್ರಿಂಟ್ ತೆಗೆದಿಡಿ.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ರೈಲು 60 ನಿಮಿಷ ತಡವಾಗಿ ತಲುಪಿದರೆ ದರದ ಶೇಕಡ 25, ಎರಡು ಗಂಟೆ ಮೀರಿದರೆ ಶೇಕಡ 50 ಪರಿಹಾರ ಕೇಳಬಹುದು, ಅಗ್ಗದ ಟಿಕೆಟ್‌ಗೂ ಇದು ಅನ್ವಯ. ನಾಲ್ಕು ಯೂರೋಗಿಂತ ಕಡಿಮೆ ಬಂದರೆ ಕೊಡುವುದಿಲ್ಲ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಅದರಲ್ಲಿ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ ಕೇಳುತ್ತಾರೆ. ನಮ್ಮ ಬ್ಯಾಂಕ್ ಖಾತೆಗಳಿಗೆ ಅದಿಲ್ಲ. ಅಲ್ಲಿರುವ ಮಗನದೋ ಮಗಳದೋ ಖಾತೆ ಸಂಖ್ಯೆ ಕೊಟ್ಟು, ಊರಿಗೆ ಹೊರಡುವ ಮೊದಲೇ ಅರ್ಜಿ ಹಾಕಿಸಿ ಬನ್ನಿ.